ಊರಿನಿಂದ ಹಿರಿಯರು ಬಂದಿರುವಾಗಲೇ ಕ್ಯಾಬಿನ್ನಿಗೆ ಹೋಗಿ

ಅಮೆರಿಕದಲ್ಲಿರುವ ನಮ್ಮ ಬಳಗದಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಕುಟುಂಬಗಳೇ ಹೆಚ್ಚಾಗಿರುವುದರಿಂದ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಒಂದೇ ಮಾತು ಹಲವು ಮನೆಗಳಿಂದ ಕೇಳಿಬರುತ್ತದೆ: "ಈ ಸಲ ಅತ್ತಿ-ಮಾವ ಬರಾಕತ್ತಾರ, ಕ್ಯಾಂಪಿಂಗ್ ಎಲ್ಲಾ ಮುಂದಿನ ವರ್ಷ ನೋಡೋಣಂತ." ಮಂಡಿನೋವಿನ ಹಿರಿಯರನ್ನೂ ಇನ್ನೂ ಡೈಪರ್ ಬಿಡದ ಮಗುವನ್ನೂ ಒಟ್ಟಿಗೆ ಕರೆದುಕೊಂಡು ಕಾಡಿನ ನಡುವಿನ ಒಂಟಿ ಕೋಣೆಗೆ ಹೋಗುವುದೆಂದರೆ ಯಾರಿಗಾದರೂ ಅಂಜಿಕೆ ಆಗುವಂಥದ್ದೇ. ಆದರೂ ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾಗಿದೆ. ಮಕ್ಕಳು ಚಿಕ್ಕವರಿದ್ದು, ಅಜ್ಜ-ಅಜ್ಜಿ ಮನೆಗೆ ಬಂದಿರುವ ಆ ಬೇಸಿಗೆಯೇ ಕ್ಯಾಬಿನ್ನಿಗೆ, ಅಂದರೆ ಕಾಡಿನ ನಡುವಿನ ಬಾಡಿಗೆಯ ಮರದ ಮನೆಗೆ, ಹೋಗಲು ಎಲ್ಲಕ್ಕಿಂತ ಒಳ್ಳೆಯ ಕಾಲ. ರಜೆಗೆಂದು ಧಾರವಾಡದ ತವರುಮನೆಗೆ ಬಂದು, ಅಪ್ಪ-ಅವ್ವನ ಎದುರಿಗೇ ಕುಳಿತು, ಅವರನ್ನೂ ಕೇಳಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಮೆರಿಕಕ್ಕೆ ಮಕ್ಕಳನ್ನು ನೋಡಲು ಬರುವ ತಂದೆ-ತಾಯಿಯರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅವಕಾಶ ಸಿಗುತ್ತದೆ. ಮೊದಲ ಕೆಲವು ವಾರ ಮೊಮ್ಮಕ್ಕಳ ಸಂಭ್ರಮದಲ್ಲಿ ಕಳೆಯುತ್ತವೆ. ಆಮೇಲೆ ಆ ಮನೆಯೇ ಅವರಿಗೆ ಬಂಧನವಾಗುತ್ತದೆ. ಧಾರವಾಡದಲ್ಲಿ ಬೆಳಗ್ಗೆ ಎದ್ದು ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿ, ಪರಿಚಯದವರೊಡನೆ ಚಹಾ ಕುಡಿದು, ಬರುವಾಗ ಕಾಯಿಪಲ್ಲೆ ತರುತ್ತಿದ್ದ ಮನುಷ್ಯನಿಗೆ ನಮ್ಮ ಬಡಾವಣೆಯಲ್ಲಿ ನಡೆದುಹೋಗಿ ಮುಟ್ಟಬಹುದಾದ ಒಂದು ಅಂಗಡಿಯೂ ಇಲ್ಲ. ಬಸ್ಸಿಲ್ಲ, ಕಾರು ಓಡಿಸುವ ಹಾಗಿಲ್ಲ, ಬಾಗಿಲು ಬಡಿದು ಮಾತಾಡಿಸುವ ನೆರೆಹೊರೆ ಇಲ್ಲ. ಒಲೆ, ಡಿಶ್‌ವಾಷರ್, ಟಿವಿ ರಿಮೋಟು, ಹೀಟರು ಹೀಗೆ ಎಲ್ಲದಕ್ಕೂ ಅವರು ನಮ್ಮನ್ನೇ ಕೇಳಬೇಕು, ಕೆಲವೊಮ್ಮೆ ಆರು ವರ್ಷದ ಮೊಮ್ಮಗನನ್ನು ಕೇಳಬೇಕು. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಅಜ್ಜನಿಗೆ ಏನೂ ಬರುವುದಿಲ್ಲ ಎಂದು ಯಾರೂ ಅವರಿಗೆ ಹೇಳಿಕೊಡದಿದ್ದರೂ ದಿನಕ್ಕೆ ಹತ್ತು ಸಲ ಹಾಗೆ ಕಂಡರೆ ಮಕ್ಕಳ ಮನಸ್ಸಿನಲ್ಲಿ ಅದು ಕೂತುಬಿಡುತ್ತದೆ. ಮಕ್ಕಳನ್ನು ಪರದೇಶದಲ್ಲಿ ಬೆಳೆಸುವ ನಾವು ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ಇದಕ್ಕೆ ಎಂದು ನಾನು ತಿಳಿದಿದ್ದೇನೆ.

ನಮ್ಮ ಅಪ್ಪ ಧಾರವಾಡದಲ್ಲಿ ನೌಕರಿ ಮಾಡಿ ನಿವೃತ್ತರಾದವರಾದರೂ ಹುಟ್ಟಿ ಬೆಳೆದದ್ದು ಗದಗ ತಾಲೂಕಿನ ಒಂದು ಹಳ್ಳಿಯಲ್ಲಿ. ಎರಿ ಹೊಲದ ಸೀಮೆ ಅದು. ಕಣ್ಣು ಹಾಯುವವರೆಗೆ ಕರಿಮಣ್ಣು, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ಹಿಂಗಾರಿ ಜೋಳ ಕಾಳು ಕಟ್ಟುವ ಹೊತ್ತಿಗೆ ಹುಡುಗರೆಲ್ಲ ರಾತ್ರಿ ಹೊಲ ಕಾಯಲು ಹೋಗಿ ಕಂಬಳಿ ಹೊದ್ದು ಅಲ್ಲಿಯೇ ಮಲಗುತ್ತಿದ್ದರು. ಬೆಂಕಿ ಹೊತ್ತಿಸುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಮಲಗುವ ಜಾಗ ಆರಿಸುವುದು, ಚುಕ್ಕಿ ನೋಡಿ ಹೊತ್ತು ಹೇಳುವುದು ಅವರಿಗೆ ಕಲಿತು ಬಂದ ವಿದ್ಯೆಯಲ್ಲ, ಬದುಕಿನ ಭಾಗ. ಅವ್ವ ಹುಬ್ಬಳ್ಳಿಯ ಹಳೆಯ ಓಣಿಯಲ್ಲಿ ಬೆಳೆದವರು, ಹೊಲದಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. "ಇಷ್ಟ್ ಛಂದ ಮನಿ ಬಿಟ್ಟು ಕಾಡಾಗ ಯಾಕ ಹೋಗಿ ಮಲ್ಕೋಬೇಕವಾ?" ಎಂದು ಅವರು ಕೇಳಿದಾಗ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು: ಅಲ್ಲಿ ಬೆಂಕಿ ಹಾಕಲು ಬಿಡುತ್ತಾರೆಯೇ?

ಟೆಂಟ್ ಏಕೆ ಬೇಡ ಎಂಬುದನ್ನು ಬಹಳ ಹೇಳಬೇಕಾಗಿಲ್ಲ. ನೆಲದಿಂದ ಏಳಲು ಹಿರಿಯರಿಗೆ ಆಗುವುದಿಲ್ಲ, ಮಳೆ ಬಂದರೆ ಮಕ್ಕಳು ನೆನೆಯುತ್ತಾರೆ, ಅಷ್ಟೇ. ನಾವಿರುವ ಮಿನ್ನೆಸೋಟದ ರಾಜ್ಯ ಉದ್ಯಾನಗಳಲ್ಲಿ ಕ್ಯಾಂಪರ್ ಕ್ಯಾಬಿನ್ ಎಂದು ಬಾಡಿಗೆಗೆ ಕೊಡುವ ಮರದ ಮನೆಗಳಿವೆ. ಒಂದೇ ಕೋಣೆ, ಒಂದರ ಮೇಲೊಂದು ಮಂಚ, ಐದಾರು ಜನ ಮಲಗಬಹುದಾದಷ್ಟು ಗಾದಿಗಳು, ಒಂದು ಮೇಜು, ಬೆಂಚು. ಹಲವು ಕ್ಯಾಬಿನ್‌ಗಳಲ್ಲಿ ವಿದ್ಯುತ್ತೂ ಹೀಟರೂ ಇರುತ್ತವೆ. ಹೊರಗೆ ಬೆಂಕಿ ಹಾಕಲು ಕಬ್ಬಿಣದ ಬಳೆ, ಊಟಕ್ಕೆ ಮರದ ಮೇಜು. ಹಾಸಿಗೆ-ಹೊದಿಕೆ ನಾವೇ ಒಯ್ಯಬೇಕು. ಅವ್ವ ಊರಿನಿಂದ ತಂದಿದ್ದ ಕೌದಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು, ಏಕೆಂದರೆ ಆಗಸ್ಟ್ ಕೊನೆಯಲ್ಲೂ ಅಲ್ಲಿಯ ರಾತ್ರಿಗೆ ಧಾರವಾಡದ ಜನವರಿಗಿಂತ ಹೆಚ್ಚು ಚಳಿ ಇರುತ್ತದೆ.

ಬುಕಿಂಗ್ ಮಾಡುವಾಗ ಚಿತ್ರ ನೋಡಿ ಮರುಳಾಗದೆ ಶೌಚಾಲಯ ಎಲ್ಲಿದೆ ಎಂಬುದನ್ನು ಮೊದಲು ನೋಡಿರಿ. ಈ ಬಗೆಯ ಕ್ಯಾಬಿನ್ನುಗಳೊಳಗೆ ನೀರೂ ಇಲ್ಲ, ಶೌಚಾಲಯವೂ ಇಲ್ಲ. ಸ್ವಲ್ಪ ದೂರದಲ್ಲಿ ನೀರು ಹರಿಯದ ಗುಂಡಿಯ ಶೌಚಾಲಯವಿರುತ್ತದೆ. ರಾತ್ರಿ ಎರಡು ಸಲ ಏಳುವ ಹಿರಿಯರಿಗೆ ಆ ದೂರವೇ ಪ್ರವಾಸದ ಸುಖ-ದುಃಖವನ್ನು ನಿರ್ಧರಿಸುತ್ತದೆ. ಉದ್ಯಾನದ ನಕ್ಷೆಯಲ್ಲಿ ಪ್ರತಿ ಕ್ಯಾಬಿನ್ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ಗುರುತಿಸಿರುತ್ತಾರೆ. ಎಲ್ಲಕ್ಕಿಂತ ಹತ್ತಿರದ್ದನ್ನೇ ಆರಿಸಿಕೊಳ್ಳಿ. ಒಳಗೇ ಸ್ನಾನಗೃಹವಿರುವ ಕ್ಯಾಬಿನ್ನುಗಳೂ ಕೆಲವು ಉದ್ಯಾನಗಳಲ್ಲಿ ಇವೆ, ಸಿಕ್ಕರೆ ಬಾಡಿಗೆ ಹೆಚ್ಚಾದರೂ ಬಿಡಬೇಡಿ. ಒಂದು ತಂಬಿಗೆಯನ್ನೂ ನೀರಿನ ಕ್ಯಾನನ್ನೂ ಮರೆಯದೆ ಒಯ್ಯಿರಿ. ಇದನ್ನು ಹಿರಿಯರು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ತಿಳಿದು ಮಾಡಬೇಕು. ಚಿಕ್ಕ ಮಕ್ಕಳಿಗೆ ಆ ಕತ್ತಲೆಯ ಗುಂಡಿ ನೋಡಿದರೆ ಹೆದರಿಕೆ ಬರುವುದರಿಂದ ಮನೆಯಲ್ಲಿ ಬಳಸುವ ಮಕ್ಕಳ ಶೌಚದ ಕುರ್ಚಿಯೂ (ಪಾಟಿ) ಜೊತೆಗಿರಲಿ. ಕೆಳಗಿನ ಮಂಚಗಳು ಅಜ್ಜ-ಅಜ್ಜಿಗೆ ಮತ್ತು ಸಣ್ಣ ಮಗುವಿಗೆ, ಮೇಲಿನವು ನಮಗೆ. ಮೇಲೆ ಮಲಗಬೇಕೆಂದು ಮಗ ಎಷ್ಟು ಹಟ ಹಿಡಿದರೂ ನಾವು ಒಪ್ಪಲಿಲ್ಲ.

ಮೊದಲ ಸಲ ಹೋಗುವವರು ದೂರ ಹೋಗಬೇಡಿ. ಮಿನಿಯಾಪೊಲಿಸ್ ಕಡೆಯವರಿಗೆ ಸೇಂಟ್ ಕ್ರೋಯ್ ನದಿಯ ದಂಡೆಯ ವಿಲಿಯಂ ಒ'ಬ್ರಿಯನ್ ಉದ್ಯಾನ ಸುಮಾರು ಒಂದು ಗಂಟೆಯ ದಾರಿ. ಹಿರಿಯರಿಗೋ ಮಗುವಿಗೋ ಹುಷಾರು ತಪ್ಪಿದರೆ ರಾತ್ರಿಯೇ ಮನೆಗೆ ಮರಳಬಹುದು ಎಂಬ ಧೈರ್ಯವಿರುತ್ತದೆ. ಒಗ್ಗಿದ ಮೇಲೆ ಇಟಾಸ್ಕಕ್ಕೆ ಹೋಗಿ. 1891ರಲ್ಲಿ ಸ್ಥಾಪನೆಯಾದ ಇದು ರಾಜ್ಯದ ಅತಿ ಹಳೆಯ ಉದ್ಯಾನ. ಮಿಸಿಸಿಪ್ಪಿ ನದಿ ಇಲ್ಲಿಯ ಸರೋವರದಿಂದ ಹೊರಡುತ್ತದೆ, ಹೊರಡುವ ಆ ಜಾಗದಲ್ಲಿ ಅದು ಎಷ್ಟು ಕಿರಿದೆಂದರೆ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಆಚೆ ದಡ ಸೇರುತ್ತಾರೆ. ಕೆಳಗೆ ನ್ಯೂ ಆರ್ಲಿಯನ್ಸಿನಲ್ಲಿ ಹಡಗುಗಳನ್ನು ಹೊರುವ ನದಿ ಇದೇ ಎಂದು ಹೇಳಿದಾಗ ಅವ್ವ ನಂಬದೆ ಎರಡು ಸಲ ಕೇಳಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದು, ಬೊಗಸೆ ತುಂಬಿ, ಮೊಮ್ಮಕ್ಕಳಿಬ್ಬರ ತಲೆಗೂ ಪ್ರೋಕ್ಷಿಸಿದರು.

ಬೆಂಕಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರವಾಸದ ಜೀವ ಅಲ್ಲಿದೆ. ಕಾರಿನಿಂದ ಇಳಿದ ಕೂಡಲೇ ಅಪ್ಪ ಗಿಡಗಳ ಕೆಳಗೆ ಒಣ ಕಡ್ಡಿ ಆಯತೊಡಗಿದರು. ಈ ಉದ್ಯಾನಗಳಲ್ಲಿ ಬಿದ್ದ ಕಟ್ಟಿಗೆಯನ್ನು ಆಯುವಂತಿಲ್ಲ. ಮನೆಯ ಹಿತ್ತಲಿನ ಕಟ್ಟಿಗೆಯನ್ನು ತರುವಂತೆಯೂ ಇಲ್ಲ, ಉದ್ಯಾನದ ಕಚೇರಿಯಲ್ಲೋ ಒಪ್ಪಿಗೆ ಪಡೆದ ಅಂಗಡಿಯಲ್ಲೋ ಕೊಳ್ಳಬೇಕು. ಅಪ್ಪನಿಗೆ ಇದು ವಿಚಿತ್ರವೆನಿಸಿತು. ಏಷ್ಯಾದಿಂದ ಬಂದ ಒಂದು ಹಸಿರು ಕೊರಕ ಹುಳು 2002ರಲ್ಲಿ ಮಿಷಿಗನ್ನಿನಲ್ಲಿ ಕಾಣಿಸಿಕೊಂಡು, ಜನ ಕಾರಿನಲ್ಲಿ ಸಾಗಿಸುವ ಕಟ್ಟಿಗೆಯೊಳಗೆ ಕೂತು ಊರೂರು ದಾಟಿ, 2009ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್ ಮುಟ್ಟಿತು, ಅದು ಹೊಕ್ಕ ಆ್ಯಶ್ ಮರಗಳು ಒಣಗಿ ಸಾಯುತ್ತವೆ ಎಂದು ತಿಳಿಸಿ ಹೇಳಿದೆ. ಹತ್ತಿಯ ಕಾಯಿಕೊರಕವನ್ನು ಕಣ್ಣಾರೆ ಕಂಡ ಮನೆತನದವರು ಅವರು. ಆಯ್ದ ಕಡ್ಡಿಗಳನ್ನು ಸುಮ್ಮನೆ ಇದ್ದ ಜಾಗದಲ್ಲೇ ಇಟ್ಟು ಬಂದರು. ಹಿರಿಯರಿಗೆ ನಿಯಮ ಹೇಳುವಾಗ ಕಾರಣವನ್ನೂ ಹೇಳಿದರೆ ಅವರು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಕೊಂಡು ತಂದದ್ದು ತೋಳಿನಷ್ಟು ದಪ್ಪದ ಸೀಳುಗಳು, ಬೆಂಕಿಕಡ್ಡಿಗೆ ಹೊತ್ತುವಂಥವಲ್ಲ. ನನ್ನ ಪತಿ ಬೆಂಕಿ ಹೊತ್ತಿಸಲು ಅಂಗಡಿಯಲ್ಲಿ ಸಿಗುವ ಗಟ್ಟಿಯನ್ನು ಹುಡುಕುತ್ತಿರುವಾಗ ಅಪ್ಪ ಒಂದು ಸೀಳನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಅಡುಗೆಯ ದೊಡ್ಡ ಚಾಕುವಿನ ಅಲಗನ್ನಿಟ್ಟು, ಇನ್ನೊಂದು ಸೀಳಿನಿಂದ ಮೆಲ್ಲಗೆ ಬಡಿದರು. ಬೆರಳಗಲದ ಚಕ್ಕೆಯೊಂದು ಚರ್ರೆಂದು ಬಿಟ್ಟುಕೊಂಡಿತು. ಹೀಗೆ ಹತ್ತು-ಹನ್ನೆರಡು ಚಕ್ಕೆ ತೆಗೆದು, ಕೊನೆಯ ಎರಡನ್ನು ಚಾಕುವಿನಿಂದ ಹೆರೆದು ಹೆರೆದು, ಹೆರೆದದ್ದು ಉದುರದೆ ಕಟ್ಟಿಗೆಗೇ ಸುರುಳಿಯಾಗಿ ಹತ್ತಿಕೊಂಡಿರುವಂತೆ ಮಾಡಿದರು. ಗಾಳಿ ಬರುವ ಕಡೆ ಬಾಯಿ ಬಿಟ್ಟು ಒಲೆಯಂತೆ ಕಟ್ಟಿಗೆ ಜೋಡಿಸಿ, ಹೊಟ್ಟೆಯಲ್ಲಿ ಆ ಸುರುಳಿಗಳನ್ನಿಟ್ಟು, ಒಂದೇ ಕಡ್ಡಿ ಗೀರಿ ಹೊತ್ತಿಸಿದರು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆಮೇಲೆ ಅವನು ಕೇಳಿದ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಅಜ್ಜ, ಹಿಂಗ್ಯಾಕ ಇಟ್ಟಿ? ಅಜ್ಜ, ಊದ್ಲ್ಯಾ? ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಆ ಸಂಜೆಯೆಲ್ಲ ಅಜ್ಜನ ಮಾತಿನಲ್ಲೇ ಕೇಳಿದ. ಅಜ್ಜನಿಂದ ತಿಳಿದುಕೊಳ್ಳಬೇಕಾದದ್ದು ಏನೋ ಇದ್ದುದರಿಂದ ಅವನಿಗೆ ಬೇರೆ ದಾರಿ ಇರಲಿಲ್ಲ. ಮೂರು ವರ್ಷದ ಮಗಳಿಗೆ ಅಪ್ಪ ಬೆಂಕಿಯ ಬಳೆಯಿಂದ ನಾಲ್ಕು ಹೆಜ್ಜೆ ಆಚೆ ನೆಲದ ಮೇಲೆ ಒಂದು ಗೆರೆ ಎಳೆದು, ಇದರೊಳಗೆ ಅಜ್ಜನ ಕೈ ಹಿಡಿದರೆ ಮಾತ್ರ ಬರಬೇಕು ಎಂದು ಹೇಳಿದ್ದರು. ನಾವು ನೂರು ಸಲ ಕೂಗಿದರೂ ಕೇಳದವಳು ಆ ಗೆರೆಯನ್ನು ದಾಟಲಿಲ್ಲ.

ಊಟಕ್ಕೆ ನಮ್ಮ ಕಡೆಯವರು ಹೆಚ್ಚು ಯೋಚಿಸಬೇಕಾಗಿಯೇ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಮಾದಲಿ, ಇವೆಲ್ಲ ಫ್ರಿಜ್ ಬೇಡದ ಬುತ್ತಿ. ಐಸ್ ಪೆಟ್ಟಿಗೆಯಲ್ಲಿ ಮೊಸರು, ಉಳ್ಳಾಗಡ್ಡಿ, ಸೌತೆಕಾಯಿ ಇದ್ದರೆ ಎರಡು ದಿನ ಸಾಗುತ್ತದೆ. ಬೆಂಕಿಯ ಮೇಲೆ ಒಂದು ಪಾತ್ರೆ ಬ್ಯಾಳಿ ಸಾರು ಕುದಿಸಿ, ಮಕ್ಕಳಿಗೆ ರೊಟ್ಟಿ ಮುರಿದು ನೆನೆಸಿಕೊಟ್ಟೆವು. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಅವ್ವ ಭರ್ತ ಮಾಡಿದರು. ಒಲೆಯಿಲ್ಲದ ಜಾಗದಲ್ಲಿ ಅಡುಗೆ ಏನು ಮಾಡುವುದೆಂದು ಚಿಂತಿಸಿದ್ದವರು ಎರಡನೆಯ ದಿನ ನಮ್ಮನ್ನು ಬೆಂಕಿಯ ಹತ್ತಿರ ಬಿಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಬೇಸರವಾಯಿತು. ಊಟದ ನಂತರ ಹೊರಗೆ ಒಂದು ತುತ್ತು ಇಡುವುದು ಅವರ ರೂಢಿ, ಕಾಗೆಗೋ ನಾಯಿಗೋ ಸಲ್ಲಲಿ ಎಂದು. ಇಟಾಸ್ಕದ ಕಾಡಿನಲ್ಲಿ ಕರಡಿಗಳಿವೆ, ರಕೂನು ಎಂಬ ಸಣ್ಣ ಕಾಡುಪ್ರಾಣಿಗಳಂತೂ ಎಲ್ಲ ಕಡೆ ಇವೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬಂದು ಕೊನೆಗೆ ತನ್ನ ಜೀವಕ್ಕೇ ಎರವಾಗುತ್ತದೆ. ಆದ್ದರಿಂದ ಉಳಿದ ಊಟ, ಕಸ, ಮಕ್ಕಳ ಟೂತ್‌ಪೇಸ್ಟು ಕೂಡ ರಾತ್ರಿ ಬೀಗ ಹಾಕಿದ ಕಾರಿನೊಳಗೆ ಇರಬೇಕು. ಅವ್ವ ಒಪ್ಪಿಕೊಂಡರು, ಆದರೆ ಎರಡು ರಾತ್ರಿಯೂ ಮಲಗುವ ಮುಂಚೆ ಅದನ್ನೇ ನೆನೆದು ಪೇಚಾಡಿದರು. ಅವರ ಆ ಬೇಸರವನ್ನು ನಾನು ಹಗುರವಾಗಿ ಕಾಣಲಾರೆ.

ಹೋಗುವ ತಿಂಗಳನ್ನು ಆರಿಸುವಾಗ ಒಂದು ಸಂಗತಿ ತಿಳಿದಿರಲಿ. ಜೂನ್ ಕೊನೆಯಲ್ಲಿ ಇಟಾಸ್ಕದಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಧಾರವಾಡದಲ್ಲಿ ವರ್ಷದ ಅತಿ ಉದ್ದನೆಯ ಹಗಲಿನಲ್ಲೂ ಏಳರ ಸುಮಾರಿಗೆ ಹೊತ್ತು ಮುಳುಗಿರುತ್ತದೆ. ಬೆಳಕಿರುವಾಗ ಮಕ್ಕಳು ಮಲಗುವುದಿಲ್ಲ, ಸೊಳ್ಳೆಯ ಕಾಟವೂ ಆಗ ಬಹಳ. ಆಗಸ್ಟ್ ಕೊನೆಯ ವಾರದಲ್ಲಿ ಹೋದರೆ ಎಂಟರ ಸುಮಾರಿಗೆ ಹೊತ್ತು ಮುಳುಗುತ್ತದೆ, ಸೊಳ್ಳೆ ಕಡಿಮೆ, ಮಿನ್ನೆಸೋಟದ ಶಾಲೆಗಳು ಸಾಮಾನ್ಯವಾಗಿ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಕಳೆದ ಮೇಲೆ ಆರಂಭವಾಗುವುದರಿಂದ ರಜೆಯ ಚಿಂತೆಯೂ ಇಲ್ಲ. ಮಕ್ಕಳು ನಿದ್ದೆಗೆ ಜಾರುವ ಮೊದಲೇ ಚುಕ್ಕಿ ಮೂಡುತ್ತವೆ.

ಆ ರಾತ್ರಿ ಅಪ್ಪ ಆಕಾಶ ನೋಡುತ್ತ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಧ್ರುವ ನಕ್ಷತ್ರವನ್ನು ಅವರು ರೂಢಿಯಂತೆ ಬಡಗಣ ದಿಕ್ಕಿನಲ್ಲಿ ತಗ್ಗಿನಲ್ಲಿ ಹುಡುಕಿದ್ದರು, ಅದು ಅಲ್ಲಿರಲಿಲ್ಲ. ನಾವು ನಿಂತ ನೆಲದ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲೆ ಕಾಣುತ್ತದೆ: ಗದಗಿನಲ್ಲಿ ಸುಮಾರು 15, ಇಟಾಸ್ಕದಲ್ಲಿ 47. ಸಪ್ತರ್ಷಿ ಮಂಡಲದಿಂದ ಗೆರೆ ಎಳೆದುಕೊಂಡು ಹೋಗಿ ಅದನ್ನು ಅಷ್ಟೆತ್ತರದಲ್ಲಿ ಕಂಡುಹಿಡಿದಾಗ ಅವರಿಗಾದ ಸಂತೋಷವನ್ನು ನಾನು ಮರೆಯಲಾರೆ. ಊರಿನಲ್ಲಿ ಮುಳುಗಿ ಏಳುವ ಸಪ್ತರ್ಷಿ ಇಲ್ಲಿ ವರ್ಷವಿಡೀ ಮುಳುಗುವುದೇ ಇಲ್ಲ ಎಂಬುದನ್ನೂ ಅವರೇ ಲೆಕ್ಕ ಹಾಕಿ ಮಗನಿಗೆ ಹೇಳಿದರು. ಅಲ್ಲಿಂದ ಮಾತು ಮಳೆಯ ನಕ್ಷತ್ರಗಳಿಗೆ ಹೊರಳಿತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆಯನ್ನು ಮಗ ಬಾಯಿಪಾಠ ಮಾಡಿಕೊಂಡ. ಅಷ್ಟರಲ್ಲಿ ಸರೋವರದ ಕಡೆಯಿಂದ ಉದ್ದವಾಗಿ, ಯಾರೋ ಅಳುವಂತೆ ಒಂದು ಕೂಗು ಕೇಳಿತು. ಅದು ಲೂನ್, ಮಿನ್ನೆಸೋಟದ ರಾಜ್ಯಪಕ್ಷಿ. ಮಗಳು ಹೆದರಿ ಅಜ್ಜಿಯ ತೊಡೆ ಸೇರಿದಳು. ಅವ್ವನಿಗೂ ಆ ದನಿ ಹೊಸದು, ಆದರೂ ಹಕ್ಕಿಯೊಂದು ಮನೆಗೆ ಬಾರದ ಮರಿಯನ್ನು ಕರೆಯುತ್ತಿದೆ ಎಂದು ಅಲ್ಲಿಯೇ ಕತೆ ಕಟ್ಟಿ ಹೇಳಿದರು. ಹೊಲದ ಅನುಭವ ಇಲ್ಲದ, ಪೇಟೆಯಲ್ಲಿ ಬೆಳೆದ ಹಿರಿಯರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಟಿವಿ ಇಲ್ಲದ, ಫೋನಿಗೆ ಸಿಗ್ನಲ್ ಸಿಗದ ಒಂದು ಕೋಣೆಯಲ್ಲಿ ಕತೆ ಹೇಳುವವರಿಗೆ ಕೇಳುವ ಕಿವಿಗಳು ತಾವಾಗಿ ಸಿಗುತ್ತವೆ. ಹತ್ತು ಗಂಟೆಯ ನಂತರ ಗದ್ದಲ ಮಾಡುವಂತಿಲ್ಲ ಎಂಬ ನಿಯಮವಿದೆ. ನಮ್ಮ ಮಾತು ಸ್ವಲ್ಪ ಏರುದನಿಯದಾದ್ದರಿಂದ ಇದನ್ನು ನೆನಪಿಡಬೇಕು.

ಇನ್ನು ಸುರಕ್ಷತೆಯ ವಿಷಯದಲ್ಲಿ ಕೆಲವು ಮಾತುಗಳನ್ನು ಒತ್ತಿ ಹೇಳುತ್ತೇನೆ. ಬೆಂಕಿ ಆರಿದೆ ಎಂದು ನಾವು ತಿಳಿದ ಬಳೆಯೊಳಗೆ ಬೂದಿಯ ಕೆಳಗೆ ಮರುದಿನ ಬೆಳಗ್ಗೆಯೂ ಕೆಂಡ ಇರುತ್ತದೆ, ಬರಿಗಾಲಿನ ಮಗು ಸುಟ್ಟುಕೊಳ್ಳುವುದು ಹೆಚ್ಚಾಗಿ ಆಗ. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ನೀರು ಸುರಿಯಿರಿ. ಚಳಿ ಎಂದು ಕೆಂಡದ ಬುಟ್ಟಿಯನ್ನಾಗಲಿ ಗ್ಯಾಸ್ ಸ್ಟವ್ವನ್ನಾಗಲಿ ಕ್ಯಾಬಿನ್ನಿನೊಳಗೆ ಎಂದೂ ತರಬೇಡಿ. ನಮ್ಮ ಊರಿನ ಮನೆಗಳಲ್ಲಿ ಹಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಗಾಳಿಯಾಡುವುದರಿಂದ ಹಿರಿಯರಿಗೆ ಅಗ್ಗಿಷ್ಟಿಕೆಯ ಅಂಜಿಕೆ ಇರುವುದಿಲ್ಲ. ಬಿಗಿಯಾಗಿ ಮುಚ್ಚಿದ ಮರದ ಕೋಣೆಯಲ್ಲಿ ಉರಿಯಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ವಾಸನೆಯೂ ಇಲ್ಲದೆ ಮಲಗಿದವರನ್ನು ಕೊಲ್ಲುತ್ತದೆ.

ದನ ಕಾಯ್ದವರಿಗೆ ಉಣ್ಣಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಮಿನ್ನೆಸೋಟದ ಕರಿಗಾಲಿನ ಉಣ್ಣಿ ಗಸಗಸೆ ಕಾಳಿನಷ್ಟು ಸಣ್ಣದಿರುವಾಗಲೇ ಕಚ್ಚಿ ಲೈಮ್ ಎಂಬ ಸೋಂಕುರೋಗ ಹರಡಬಲ್ಲದು. ದಿನಕ್ಕೆ ಎರಡು ಸಲ ಮಕ್ಕಳ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕಂಕುಳು, ಮೊಣಕಾಲ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಹಿರಿಯರ ಮೈಯನ್ನೂ ನೋಡಿ. ಊರಿನಲ್ಲಿ ಉಣ್ಣಿಗೆ ಚಿಮಣಿ ಎಣ್ಣೆ ಹಚ್ಚುವ, ಸುಣ್ಣ ಹಚ್ಚುವ ರೂಢಿಯಿದೆ, ಇಲ್ಲಿ ಅದು ಕೂಡದು. ಚಿಮಟದಿಂದ ಚರ್ಮಕ್ಕೆ ತಾಗಿದ ಕಡೆಯೇ ಹಿಡಿದು, ತಿರುಚದೆ, ನೆಟ್ಟಗೆ ಮೇಲಕ್ಕೆ ಎಳೆದು ತೆಗೆಯಬೇಕು. ಲೈಮ್ ರೋಗ ಅಂಟಬೇಕಾದರೆ ಸಾಮಾನ್ಯವಾಗಿ ಉಣ್ಣಿ 24 ಗಂಟೆಗಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು, ಹೀಗಾಗಿ ದಿನವೂ ನೋಡುವುದೇ ದೊಡ್ಡ ರಕ್ಷಣೆ. ಸೊಳ್ಳೆ, ಉಣ್ಣಿಗಳನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಇರುವ ಔಷಧವನ್ನು ಎರಡು ತಿಂಗಳಿಗಿಂತ ಚಿಕ್ಕ ಶಿಶುವಿಗೆ ಹಚ್ಚಬಾರದು. ಲೆಮನ್ ಯೂಕಲಿಪ್ಟಸ್ ಎಣ್ಣೆ ಸಹಜವಾದದ್ದು ಎಂದು ನಂಬಿ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ. ನೀರಿನ ಹತ್ತಿರ ಹೋಗುವ ಚಿಕ್ಕ ಮಕ್ಕಳಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇರಲೇಬೇಕು. ಮಗುವನ್ನು ನೋಡಿಕೊಳ್ಳುವ ಹೊಣೆಯನ್ನು ಈಜು ಬಾರದ ಅಜ್ಜಿಗೆ ವಹಿಸಿ ನಾವು ದೋಣಿ ಹತ್ತುವುದು ಇಬ್ಬರಿಗೂ ಅನ್ಯಾಯ.

ಧಾರವಾಡಕ್ಕೆ ಬಂದ ಮೇಲೆ ಮಕ್ಕಳ ಬಾಯಲ್ಲಿ ಈ ಸುದ್ದಿಯೆಲ್ಲ ಕೇಳಿ ನಮ್ಮ ವೈನಿ ತಮ್ಮ ಮಕ್ಕಳನ್ನೂ ಹೀಗೆ ಎಲ್ಲಿಗಾದರೂ ಕರೆದೊಯ್ಯಬೇಕು ಎನ್ನುತ್ತಿದ್ದಾರೆ. ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಬೆಳೆಯುತ್ತಿರುವ ಅವರ ಮಕ್ಕಳು ಬೆಂಕಿ ಹೊತ್ತಿಸುವುದನ್ನು ನನ್ನ ಮಕ್ಕಳಿಗಿಂತ ಹೆಚ್ಚೇನೂ ಕಂಡಿಲ್ಲ. ರಜೆಗೆ ಊರಿಗೆ ಬಂದ ನಾವು ಮಾಲು, ಮದುವೆ, ಊಟದ ಆಮಂತ್ರಣಗಳಲ್ಲೇ ದಿನ ಕಳೆಯುತ್ತೇವೆ. ಅಣ್ಣ-ತಂಗಿಯರ ಮಕ್ಕಳು ಒಂದೇ ಸೋಫಾದ ಮೇಲೆ ತಮ್ಮ ತಮ್ಮ ಫೋನು ಹಿಡಿದು ಕೂರುತ್ತಾರೆ. ದಾಂಡೇಲಿಯ ಹತ್ತಿರ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ, ಧಾರವಾಡದಿಂದ ಹಳಿಯಾಳದ ಮೇಲೆ ಹೋದರೆ ಎರಡು ತಾಸಿನೊಳಗಿನ ದಾರಿ. ಮಳೆಗಾಲದಲ್ಲಿ ಇಂಬಳಗಳ ಕಾಟ ವಿಪರೀತವಾದ್ದರಿಂದ ದೀಪಾವಳಿ ಕಳೆದ ಮೇಲೆ ಹೋಗುವುದು ಒಳ್ಳೆಯದು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಕಾಳಿ ನದಿಯಲ್ಲಿ ಮೊಸಳೆಗಳಿವೆ, ಆದ್ದರಿಂದ ಅಲ್ಲಿಯ ಸಿಬ್ಬಂದಿ ತೋರಿಸಿದ ಕಡೆ ಬಿಟ್ಟು ಬೇರೆಲ್ಲೂ ಮಕ್ಕಳನ್ನು ನೀರಿಗಿಳಿಸಬಾರದು.

ಡಿಸೆಂಬರ್ ರಜೆಗೆ ಬರುವವರಿಗೆ ಇನ್ನೂ ಸುಲಭದ ದಾರಿಯಿದೆ. ಎಳ್ಳಮಾವಾಸ್ಯೆ ಆ ಹೊತ್ತಿಗೋ ಜನವರಿಯಲ್ಲೋ ಬರುತ್ತದೆ. ಯಾರದಾದರೂ ಹೊಲಕ್ಕೆ ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು (ಬೆಳೆದ ಪೈರಿಗೆ ನೈವೇದ್ಯ ಚೆಲ್ಲಲು) ಮಕ್ಕಳನ್ನು ಕರೆದೊಯ್ಯಿರಿ. ಜೋಳದ ತೆನೆ ಇನ್ನೂ ಎಳೆಯದಾಗಿದ್ದರೆ ಸುಟ್ಟ ಎಳೆಗಾಳಿನ ಸೀತನಿಯೂ ಸಿಕ್ಕೀತು. ಅದೇ ತಿಂಗಳುಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಳಿದಿರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯಾಗಿ, ಘೋಷಣೆಯಾಗಿದೆ. ನಸುಕಿನಲ್ಲಿ ಹೋಗಿ ದಂಡೆಯ ಮೇಲೆ ಸದ್ದು ಮಾಡದೆ ಕೂತರೆ ನೂರಾರು ಹಕ್ಕಿಗಳು ಒಮ್ಮೆಲೇ ಏಳುವುದನ್ನು ನೋಡಬಹುದು. ಲೂನಿನ ಕೂಗು ಕೇಳಿದ ಮಕ್ಕಳಿಗೆ ಇದನ್ನು ನಾನು ತೋರಿಸಲೇಬೇಕೆಂದಿದ್ದೇನೆ.

ಮುಂದಿನ ಬೇಸಿಗೆಗೆ ಹಿರಿಯರನ್ನು ಕರೆಸುವವರು ವಿಮಾನದ ಟಿಕೆಟು ತೆಗೆಯುವಾಗಲೇ ಕ್ಯಾಬಿನ್ನನ್ನೂ ಕಾಯ್ದಿರಿಸಿ. ಒಳ್ಳೆಯ ಉದ್ಯಾನಗಳಲ್ಲಿ ಶನಿವಾರ-ರವಿವಾರಗಳು ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ, ವಾರದ ನಡುವಿನ ರಾತ್ರಿಗಳು ಸಿಗುವ ಸಂಭವ ಹೆಚ್ಚು. ಅವರ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳು ಎರಡು ದಿನ ಹೆಚ್ಚಿಗೆ ಇರಲಿ, ಪ್ರವಾಸಿ ವಿಮೆಯ ಕಾಗದದ ಪ್ರತಿ ಕಾರಿನಲ್ಲಿರಲಿ, ಸಿಗ್ನಲ್ ಇಲ್ಲದ ಕಡೆ ನಕ್ಷೆ ತೆರೆಯದಿರುವುದರಿಂದ ಹತ್ತಿರದ ಆಸ್ಪತ್ರೆಯ ವಿಳಾಸವನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಎರಡು ರಾತ್ರಿ ಸಾಕು. ಅಪ್ಪನನ್ನು ಕೇಳಿದರೆ ಮೂರು ಬೇಕಿತ್ತು ಎನ್ನುತ್ತಾರೆ, ಅವ್ವ ಎರಡೇ ಸರಿ ಎನ್ನುತ್ತಾರೆ.